ಬಾಯಿ ಕಿರಿದಾದ ಗ್ಲಾಸು

ಆ ದಿನ ಲ್ಯಾಬಿನ ಮೇಜಿನ ಮೇಲೆ ಐದು ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದೆ. ಅಗಲ ಬಾಯಿಯ, ತಳ ದಪ್ಪಗಿರುವ ವಿಸ್ಕಿ ಗ್ಲಾಸು ಒಂದು. ಒಂದೇ ಗುಟುಕಿಗೆ ಮುಗಿದುಹೋಗುವ ಪುಟ್ಟ ಗ್ಲಾಸು ಒಂದು. ಬ್ರಾಂದಿಗೆಂದು ಮಾಡಿದ, ಅಂಗೈ ತುಂಬುವ ಗುಂಡು ಹೊಟ್ಟೆಯದು ಒಂದು. ಸಣ್ಣ ಕಾಲಿನ ಮೇಲೆ ನಿಂತು, ಹೊಟ್ಟೆ ತುಸು ಉಬ್ಬಿ, ಮೇಲೆ ಬರುತ್ತಾ ಬಾಯಿ ಕಿರಿದಾಗುವ ಗ್ಲಾಸು ಒಂದು. ಕೊನೆಯದು ಕ್ಯಾಂಟೀನಿನಿಂದ ತಂದ ಸ್ಟೀಲ್ ಲೋಟ. ಐದಕ್ಕೂ ಒಂದೇ ಪೀಪಾಯಿಯ ವಿಸ್ಕಿಯನ್ನು ಇಪ್ಪತ್ತು ಮಿಲಿ ಅಳೆದು ಹಾಕಿ, ಅಷ್ಟೇ ನೀರು ಬೆರೆಸಿ, ಮೇಲೊಂದು ಗಾಜಿನ ಬಿಲ್ಲೆ ಮುಚ್ಚಿ, ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು ಐದು ನಿಮಿಷ ಕಾದೆ.

ಕಡೂರಿನಿಂದ ಬೀರೂರಿಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳು ಮುಗಿದು ಬಯಲು ಶುರುವಾಗುವಲ್ಲಿ ನಮ್ಮ ಡಿಸ್ಟಿಲರಿ. ಬಾರ್ಲಿಯಿಂದ ವಿಸ್ಕಿ, ಜೊತೆಗೆ ಒಂದಿಷ್ಟು ಬೆಲ್ಲದ ರಮ್ಮು ಇಳಿಸುತ್ತಾರೆ. ನಾನು ಅಲ್ಲಿ ಗುಣಮಟ್ಟ ನೋಡುವವಳು. ಮೊದಲ ಪೀಪಾಯಿಗಳಿಗೆ ಮೂರು ವರ್ಷ ತುಂಬುತ್ತಾ ಬಂದಿತ್ತು, ಬಾಟಲಿಗೆ ತುಂಬುವ ಮೊದಲು ಪ್ರತಿಯೊಂದನ್ನೂ ಪರೀಕ್ಷಿಸಬೇಕಿತ್ತು. ಮಾಲೀಕರು ಒಂದು ದಿನ ಲ್ಯಾಬಿಗೆ ಬಂದು, "ಮೇಡಂ, ರುಚಿ ನೋಡಕ್ಕೆ ಅಂತ ಒಂದು ಸರಿಯಾದ ಗ್ಲಾಸು ಗೊತ್ತು ಮಾಡಿ. ನಾಳೆ ದೊಡ್ಡವರೆಲ್ಲ ಬರ್ತಾರೆ. ಅವರಿಗೆ ಟೀ ಲೋಟದಲ್ಲಿ ಕೊಟ್ಟರೆ ನಮ್ಮದೂ ಸಾರಾಯಿ ಅಂದ್ಕೊಂಬಿಡ್ತಾರೆ" ಅಂದಿದ್ದರು. ಸಾರಾಯಿ ಎಂಬ ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು.

ಬಿಲ್ಲೆ ತೆಗೆದು ಒಂದೊಂದಾಗಿ ಮೂಸಿದೆ. ಅಗಲ ಬಾಯಿಯದರಲ್ಲಿ ಘಮ ನಿಲ್ಲಲೇ ಇಲ್ಲ. ಬಿಲ್ಲೆ ತೆಗೆದದ್ದೇ ಅರ್ಧ ಹೋಯಿತು, ಉಳಿದದ್ದು ಬರೀ ಮರದ ವಾಸನೆ. ಪುಟ್ಟ ಗ್ಲಾಸು ಅಂಚಿನವರೆಗೂ ತುಂಬಿಕೊಂಡಿದ್ದರಿಂದ ಮೂಗಿಗೆ ಜಾಗವೇ ಇರಲಿಲ್ಲ, ಸ್ಪಿರಿಟ್ಟು ನೇರವಾಗಿ ಹೊಡೆಯಿತು. ಗುಂಡು ಹೊಟ್ಟೆಯದು ಘಮವನ್ನು ಚೆನ್ನಾಗಿ ಹಿಡಿದಿತ್ತು, ಆದರೆ ಜೊತೆಗೆ ಖಾರವನ್ನೂ ಕೂಡಿಟ್ಟುಕೊಂಡಿತ್ತು. ಎರಡು ಸಲ ಮೂಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣದು, ಬೆಳಿಗ್ಗೆಯ ಕಾಫಿಯ ನೆನಪು ಇನ್ನೂ ಅದರಲ್ಲೇ ಇತ್ತು. ಕಾಲಿನ ಗ್ಲಾಸಿಗೆ ಬಂದಾಗ ಹುರಿದ ಬಾರ್ಲಿ, ಅದರ ಹಿಂದೆ ಒಣಕೊಬ್ಬರಿ, ತುಸು ತಡೆದು ಜೇನು, ಎಲ್ಲವೂ ಸರದಿಯಲ್ಲಿ ನಿಂತ ಹಾಗೆ ಒಂದಾದ ಮೇಲೊಂದು ಬಂದವು. ಹೊಟ್ಟೆ ಅಗಲವಿದ್ದು ಬಾಯಿ ಕಿರಿದಾದರೆ ಘಮ ಕೂಡಿಕೊಳ್ಳುತ್ತದೆ. ಆದರೆ ಬಾಯಿ ತೀರ ಕಿರಿದಾಗಲೂ ಬಾರದು, ಮೂಗಿನ ತುದಿ ಒಳಗೆ ಹೋಗಬೇಕು, ಖಾರ ಪಕ್ಕದಿಂದ ಹೊರಗೆ ಹೋಗಬೇಕು. ಬೆಲ್ಲದ ರಮ್ಮಿಗೂ ಅದೇ ಗ್ಲಾಸು ಚೆನ್ನಾಗಿ ಒಪ್ಪಿತು. ಭಟ್ಟಿಯಿಂದ ಆಗತಾನೆ ಇಳಿದ ಬಿಳಿ ಸ್ಪಿರಿಟ್ಟಿಗೆ ಮಾತ್ರ ಬಾಯಿ ಇನ್ನೊಂದಿಷ್ಟು ತೆರೆದಿದ್ದರೆ ವಾಸಿ ಅನ್ನಿಸಿತು. ರಿಜಿಸ್ಟರಿನಲ್ಲಿ ಇದನ್ನೆಲ್ಲ ಬರೆದು, ಎರಡು ಡಜನ್ ತರಿಸಿ ಎಂದು ಚೀಟಿ ಕಳಿಸಿದೆ.

ಮೂಸುವ ಕೆಲಸದವರ ಬದುಕಿನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಿಂದಿನ ದಿನದಿಂದಲೇ ಬಂದ್. ಹರಳೆಣ್ಣೆ, ಪೌಡರು, ಘಮದ ಸೋಪು ಬಂದ್. ಮಲ್ಲಿಗೆ ಮುಡಿಯುವ ಹಾಗಿಲ್ಲ. ಬೀರೂರಿನ ಸ್ಟೇಷನ್ ಹಿಂದಿನ ನನ್ನ ಬಾಡಿಗೆ ಕೋಣೆಯಲ್ಲಿ ಒಗ್ಗರಣೆ ಚಟಗುಟ್ಟಿ ವರ್ಷಗಳಾಗಿವೆ. ಮೊಸರನ್ನವೇ ನನ್ನ ಮೃಷ್ಟಾನ್ನ. ಅಜ್ಜಂಪುರದ ಕಡೆಯ ನಮ್ಮೂರಿನಲ್ಲಿ ಅಣ್ಣನ ಮಗಳ ಮದುವೆಯಾದಾಗ ಎಲ್ಲರೂ ಮುಡಿ ತುಂಬ ಹೂವು ಮುಡಿದು ಓಡಾಡುತ್ತಿದ್ದರೆ, ನಾನು ಬೋಳು ಜಡೆ ಹಾಕಿಕೊಂಡು ಕಂಬದ ಮರೆಯಲ್ಲಿ ನಿಂತಿದ್ದೆ. ಮಾರನೇ ದಿನ ಎಂಟು ಪೀಪಾಯಿ ನೋಡುವುದಿತ್ತು. ಅವ್ವ ಬಂಧುಗಳಿಗೆಲ್ಲ ನಾನು ಬೆಲ್ಲದ ಫ್ಯಾಕ್ಟರಿಯಲ್ಲಿ ಇದ್ದೇನೆ ಎಂದು ಹೇಳಿದ್ದಾಳೆ. ಸುಳ್ಳಂತೂ ಅಲ್ಲ. ಆದರೆ ಕೆಲಸ ಹೇಗಿದೆ ಎಂದು ಕೇಳುವವರಿಗೆ ಏನೂ ಹೇಳಲಾಗದೆ ಹೋಗುತ್ತದೆ. ಫ್ಯಾಕ್ಟರಿಯಲ್ಲೂ ಅಷ್ಟೇ. ಕ್ಯಾಂಟೀನಿನ ಸಾಂಬಾರಿನ ವಾಸನೆ ಬೇಡವೆಂದು ನಾನು ಲ್ಯಾಬಿನಲ್ಲೇ ಊಟ ಮಾಡುತ್ತಿದ್ದೆ. ಲ್ಯಾಬಿನ ಗಾಜಿನ ಸಾಮಾನು ತೊಳೆಯುವ ಅಕ್ಕ ಮೊದಮೊದಲು ನನ್ನ ಜೊತೆಗೇ ಬುತ್ತಿ ಬಿಚ್ಚುತ್ತಿದ್ದಳು. ಅವಳ ಬೆಳ್ಳುಳ್ಳಿ ಚಟ್ನಿಗೆ ನಾನೇ ತಕರಾರು ಮಾಡಿದೆ. ಆಮೇಲೆ ಅವಳು ಹೊರಗೆ, ನಾನು ಒಳಗೆ.

ಮೂಗು ಒಂದೇ ಆದರೆ ನೆಚ್ಚುವಂತಿಲ್ಲ, ಏಳೆಂಟು ಜನರ ತಂಡ ಮಾಡಿ ಎಂದು ಮಾಲೀಕರು ಹೇಳಿದ್ದರಿಂದ ತಂಡ ಕಟ್ಟಿದೆ. ಬಾಯ್ಲರ್ ನೋಡುವವರು, ಲಾರಿ ಡ್ರೈವರು, ತೂಕದ ಮನೆಯವರು, ಎಲೆಕ್ಟ್ರಿಷಿಯನ್, ಸ್ಟೋರಿನವರು, ಇಬ್ಬರು ಲೋಡರುಗಳು. ಏಳು ಜನ. ಮೊದಲ ಎರಡು ಸಾಲಿನ ಪೀಪಾಯಿಗಳನ್ನು ಬೇಸಿಗೆಯಲ್ಲಿ ನೋಡಿದೆವು. ಹೊಸ ಗ್ಲಾಸುಗಳು ಮಿರಮಿರ ಮಿಂಚುತ್ತಿದ್ದವು. ಹಿಡಿಯುವುದು ಹೇಗೆ, ತಿರುಗಿಸುವುದು ಹೇಗೆ, ಮೊದಲು ದೂರದಿಂದ ಆಮೇಲೆ ಹತ್ತಿರದಿಂದ ಮೂಸುವುದು ಹೇಗೆ, ಆಮೇಲೆ ತುಟಿಗೆ ಹಚ್ಚಿ ಎಷ್ಟು ಸಣ್ಣ ಗುಟುಕು ತೆಗೆದುಕೊಳ್ಳಬೇಕು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿ ಏಳೂ ಜನ ಕತ್ತು ಹಿಂದಕ್ಕೆ ವಾಲಿಸಿ, ಗ್ಲಾಸನ್ನು ಗೇಣುದ್ದ ಮೇಲೆತ್ತಿ, ತೆರೆದ ಬಾಯಿಗೆ ಸುರಿದುಕೊಂಡರು.

ನಮ್ಮ ಕಡೆಯ ಅಭ್ಯಾಸ ಅದು. ನಾಲ್ಕು ಜನ ಸೇರಿದ ಕಡೆ ಲೋಟಕ್ಕೆ ಬಾಯಿ ಹಚ್ಚುವವರಿಲ್ಲ, ಎತ್ತಿ ಕುಡಿಯುವುದೇ. ನಾನೂ ಹಾಗೇ ಬೆಳೆದವಳು. ಆದರೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಬಾಯಿ ಕಿರಿದಾದ ಗ್ಲಾಸು ಎತ್ತಿ ಸುರಿಯಲು ಮಾಡಿದ್ದಲ್ಲ. ವಿಸ್ಕಿ ಗಲ್ಲದ ಮೇಲೆ, ಕತ್ತಿನ ಮೇಲೆ, ಅಂಗಿಯೊಳಗೆ ಎಲ್ಲೆಂದರಲ್ಲಿ ಇಳಿಯಿತು.

"ಇದೇನ್ ಮೇಡಂ, ಈ ಲೋಟ ಮೂತಿ ಬಿಗ್ಕೊಂಡು ಕೂತಿದೆ. ಸುರಿಯಕ್ಕೆ ಬರಲ್ಲ ಕಣ್ರೀ" ಅಂದರು ಡ್ರೈವರು, ಗಲ್ಲ ಒರೆಸಿಕೊಳ್ಳುತ್ತಾ.

"ಸುರಿಯೋದಲ್ಲ ಅಣ್ಣ, ಬಾಯಿ ಹಚ್ಚಿ."

"ನಾಳೆ ಇದ್ರಲ್ಲೇ ಇನ್ನೊಬ್ರು ಕುಡೀಬೇಕಲ್ವಾ? ಎಂಜಲಾಗ್ತದೆ ಬಿಡಿ."

"ತೊಳೀತಾರಲ್ಲ."

"ತೊಳೆದ್ರೂ ಗೊತ್ತಿರ್ತದಲ್ಲ ಮೇಡಂ ನಮ್ಗೆ."

ಹೆಸರು ಬರೆದು ಒಬ್ಬೊಬ್ಬರಿಗೆ ಒಂದೊಂದು ಗ್ಲಾಸು ಮೀಸಲಿಡುತ್ತೇನೆಂದೆ, ಗದರಿದೆ, ಕಾಲೆಳೆದು ನಗಿಸಿದೆ. ಏನೂ ನಡೆಯಲಿಲ್ಲ. ಒಂದು ವಾರದಲ್ಲಿ ಅವರು ಒಂದು ಹನಿಯೂ ಚೆಲ್ಲದಂತೆ ಆ ಗ್ಲಾಸಿನಿಂದ ಎತ್ತಿ ಕುಡಿಯುವುದನ್ನು ಕಲಿತುಬಿಟ್ಟರು. ಮೂಗು ಮಾತ್ರ ಗ್ಲಾಸಿನ ಹತ್ತಿರವೂ ಸುಳಿಯಲಿಲ್ಲ. ತಂಡದ ಅಭಿಪ್ರಾಯವನ್ನು ಅಷ್ಟಾಗಿ ನೆಚ್ಚುವಂತಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದೆ. ಬರೆಯುವಾಗ ಒಂದಿಷ್ಟು ಜಂಬವೂ ಇತ್ತು, ಸುಳ್ಳು ಹೇಳಲಾರೆ.

ಮಳೆಗಾಲ ಶುರುವಾಯಿತು. ಬಯಲಿನ ಮಳೆ, ಹುಯ್ಯುವುದಕ್ಕಿಂತ ಜಿನುಗುವುದೇ ಹೆಚ್ಚು. ಮೂರನೇ ಸಾಲಿನ ಸರದಿ ಬಂತು. ಆ ಸಾಲಿನಲ್ಲಿ ಹನ್ನೊಂದು ಪೀಪಾಯಿಗಳು. ಹೊರದೇಶದಿಂದ ಬಂದ ಹಳೆಯ ಓಕ್ ಪೀಪಾಯಿಗಳವು, ದಾರಿಯಲ್ಲಿ ಒಣಗಿ ಬಿರುಕು ಬಿಟ್ಟು ಬಂದಿದ್ದವು. ಅವನ್ನು ಬಿಚ್ಚಿ, ಮುರಿದ ಹಲಗೆ ಬದಲಿಸಿ, ಕಬ್ಬಿಣದ ಪಟ್ಟಿ ಬಿಗಿದು ಮತ್ತೆ ಕಟ್ಟಿದವರು ತರೀಕೆರೆಯ ಒಬ್ಬ ಹಿರಿಯರು. ಮನೆತನದಿಂದಲೇ ಮರಗೆಲಸ. ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಟಿಫಿನ್ ಕ್ಯಾರಿಯರ್ ಹಿಡಿದು ರೈಲಿನಲ್ಲಿ ಬೀರೂರಿಗೆ ಬಂದು ಇಳಿಯುತ್ತಿದ್ದರು. ಪೀಪಾಯಿ ಕಟ್ಟುವ ಕೆಲಸವನ್ನು ಅವರು ಇಲ್ಲೇ ಕಲಿತದ್ದು, ಕಲಿತ ಮೇಲೆ ಸುತ್ತ ಮೂರು ತಾಲ್ಲೂಕಿನಲ್ಲಿ ಅವರ ಸಮಕ್ಕೆ ಇನ್ನೊಬ್ಬರಿರಲಿಲ್ಲ. ಹಲಗೆಗಳ ಸಂದಿನಲ್ಲಿ ಸೋರದಂತೆ ಕೆರೆಯ ಜೊಂಡನ್ನು ಒಣಗಿಸಿ, ಸೀಳಿ, ಎಳೆ ಎಳೆಯಾಗಿ ತುಂಬುತ್ತಿದ್ದರು. ಒಂದು ತೊಟ್ಟು ಕುಡಿಯುವವರಲ್ಲ. ಆದರೆ ತುಂಬುವ ಮೊದಲು ಪ್ರತಿ ಪೀಪಾಯಿಯ ಬಿರಡೆ ತೆಗೆದು, ಬಗ್ಗಿ, ಕಣ್ಣು ಮುಚ್ಚಿ ಬಹಳ ಹೊತ್ತು ಮೂಸುವುದನ್ನು ಲ್ಯಾಬಿನ ಕಿಟಕಿಯಿಂದ ನೋಡಿದ್ದೆ. ನನ್ನ ಅವರ ನಡುವೆ ಮಾತು ನಮಸ್ಕಾರಕ್ಕಿಂತ ಮುಂದೆ ಹೋದದ್ದಿಲ್ಲ.

ಮೂರನೇ ಸಾಲಿನ ಮೊದಲ ಮಾದರಿಯನ್ನು ಕಪಾಟಿನಿಂದ ತೆಗೆದ ಗ್ಲಾಸಿಗೆ ಹಾಕಿ ಮೂಗಿಗೆ ಹಿಡಿದೆ. ಮುಗ್ಗಲು ವಾಸನೆ. ಒಣಗದ ಬಟ್ಟೆಯನ್ನು ಮಡಿಸಿಟ್ಟರೆ ಬರುತ್ತದಲ್ಲ, ಅದೇ. ಮೇಲೆ ಮುಗ್ಗಲು, ಅದರ ಕೆಳಗೆಲ್ಲೋ ಕೊಬ್ಬರಿ. ಎರಡನೆಯದೂ ಹಾಗೇ. ಮೂರನೆಯದೂ. ನನ್ನ ಮೇಜಿನ ಮೇಲೆ ನನ್ನದೇ ಒಂದು ಗ್ಲಾಸು ಸದಾ ಇರುತ್ತಿತ್ತು, ಅದೇ ಆಕಾರದ್ದು, ನಾನೇ ತೊಳೆದು ನೆಟ್ಟಗೆ ನಿಲ್ಲಿಸಿ ಬಿಲ್ಲೆ ಮುಚ್ಚಿಡುತ್ತಿದ್ದೆ. ಹೋಲಿಸಲೆಂದು ಮೊದಲ ಸಾಲಿನ ವಿಸ್ಕಿಯನ್ನು ಅದಕ್ಕೆ ಹಾಕಿ ಮೂಸಿದೆ. ಸ್ವಚ್ಛ. ಹೀಗೆ ಮೂರು ದಿನ ಹನ್ನೊಂದನ್ನೂ ನೋಡಿದೆ. ಹನ್ನೊಂದೂ ಮುಗ್ಗಲು.

ಏಳು ಜನರ ತಂಡಕ್ಕೆ ಕೊಟ್ಟೆ. ಎಂದಿನಂತೆ ಎತ್ತಿ ಸುರಿದುಕೊಂಡು ಚೀಟಿಗಳ ಮೇಲೆ ಬರೆದರು. ಚೆನ್ನಾಗಿದೆ. ಚೆನ್ನಾಗಿದೆ. ಡ್ರೈವರು ಮಾತ್ರ, ಕೊಬ್ರಿ ಮಿಠಾಯಿ ತಿಂದಂಗಿದೆ, ಎಂದು ಬರೆದಿದ್ದರು. ಬಾಯ್ಲರಿನವರು, "ಮೇಡಂ, ಮೊದಲ್ನೇ ಸಾಲಿಗಿಂತ ಇದೇ ವಾಸಿ ಕಣ್ರೀ" ಅಂದರು. ನಾನು ನಕ್ಕು ಚೀಟಿಗಳನ್ನು ಡ್ರಾಯರಿಗೆ ಹಾಕಿದೆ. ಮೂಗನ್ನು ಗ್ಲಾಸಿನೊಳಗೆ ಇಡದವರಿಗೆ ಏನು ಗೊತ್ತಾಗುತ್ತದೆ?

ವರದಿ ಬರೆದೆ. ಮೂರನೇ ಸಾಲಿನ ಹನ್ನೊಂದು ಪೀಪಾಯಿಗಳಲ್ಲೂ ಮುಗ್ಗಲು ವಾಸನೆ ಇದೆ, ಬಾಟಲಿಗೆ ತುಂಬಲು ಯೋಗ್ಯವಲ್ಲ, ಹಲಗೆ ಸಂದಿನ ಜೊಂಡಿನಿಂದ ಬಂದಿರಬಹುದು ಎಂದೆ. ಬಹುದು ಎಂದು ಬರೆದದ್ದು ನಿಜ. ಆದರೆ ಮಾಲೀಕರು ಆ ಮಾತನ್ನು ಓದಲಿಲ್ಲ.

"ಕೆರೆ ಹುಲ್ಲು ತಂದು ನನ್ನ ಪೀಪಾಯಿಗೆ ತುರುಕಿದಾನಲ್ರೀ!" ಎಂದು ಎದ್ದು ನಿಂತರು. "ಮೂರು ವರ್ಷ ಕಾದದ್ದು ಮಣ್ಣಾಯ್ತು. ಇವತ್ತೇ ಲೆಕ್ಕ ಮುಗಿಸಿ ಕಳಿಸಿ ಆತನ್ನ."

ಅಂದು ಮಧ್ಯಾಹ್ನ ಚಾಚಾ ಶೆಡ್ಡಿನ ಬಾಗಿಲಲ್ಲಿ ಕೂತು ಉಳಿ, ಸುತ್ತಿಗೆ, ಪಟ್ಟಿ ಬಡಿಯುವ ಕಬ್ಬಿಣ, ಎಲ್ಲವನ್ನೂ ಒಂದೊಂದಾಗಿ ಒರೆಸಿ ಗೋಣಿಚೀಲದಲ್ಲಿ ಸುತ್ತುತ್ತಿದ್ದರು. ಯಾರ ಹತ್ತಿರವೂ ವಾದ ಮಾಡಲಿಲ್ಲ. ನಾನು ಕಿಟಕಿ ಬಿಟ್ಟು ಬಂದು ರಿಜಿಸ್ಟರಿಗೆ ಗೆರೆ ಹಾಕತೊಡಗಿದೆ. ಕೆಲಸದಲ್ಲಿ ಕರುಣೆ ತೋರಿಸಿದರೆ ಕೆಲಸ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಂಜೆ ಬೀರೂರಿನ ಕೋಣೆಯಲ್ಲಿ ಮೊಸರನ್ನ ಅರ್ಧಕ್ಕೇ ಬಿಟ್ಟು ತಟ್ಟೆ ತೊಳೆದಿಟ್ಟೆ, ಆದರೂ ಸರಿಯಾದದ್ದನ್ನೇ ಮಾಡಿದೆ ಎಂಬ ಧೈರ್ಯವಿತ್ತು.

ಮಾರನೇ ದಿನದಿಂದ ಖಾಲಿ ಮಾಡುವ ಕೆಲಸ. ಒಂದೊಂದೇ ಪೀಪಾಯಿಯ ವಿಸ್ಕಿಯನ್ನು ಪಂಪು ಹಚ್ಚಿ ತೊಟ್ಟಿಗೆ ಹರಿಸಿದರು, ಮತ್ತೆ ಭಟ್ಟಿಗೆ ಹಾಕಲು. ಭಟ್ಟಿಗೆ ಹೋದರೆ ಮೂರು ವರ್ಷದ ಬಣ್ಣ, ಘಮ ಎಲ್ಲ ಹೋಗಿ ಬರೀ ಸ್ಪಿರಿಟ್ಟು ಉಳಿಯುತ್ತದೆ. ಖಾಲಿಯಾದ ಪೀಪಾಯಿಗಳನ್ನು ಪಟ್ಟಿ ಕಡಿದು, ಹಲಗೆ ಬಿಚ್ಚಿ ಬಾಯ್ಲರಿಗೆ ಹಾಕಿದರು. ದಿನಕ್ಕೊಂದರಂತೆ ನಾಲ್ಕು ದಿನದಲ್ಲಿ ನಾಲ್ಕು ಹೋದವು. ಓಕ್ ಹಲಗೆ ಉರಿಯುವಾಗ ಇಡೀ ಅಂಗಳ ಕೊಬ್ಬರಿ ಹುರಿದ ಹಾಗೆ ಘಮಘಮಿಸಿತು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಐದನೇ ದಿನ ಬೆಳಿಗ್ಗೆ, ವಿಸ್ಕಿಗೆ ಬೆರೆಸುವ ನೀರನ್ನು ನೋಡಬೇಕಿತ್ತು. ಶುದ್ಧ ಮಾಡುವ ಯಂತ್ರದ ಫಿಲ್ಟರ್ ಬದಲಿಸಿದ್ದರು. ನೀರಿಗೆ ವಾಸನೆಯೇನಾದರೂ ಹತ್ತಿದೆಯೋ ಎಂದು ತಿಳಿಯಲು ಕಪಾಟಿನಿಂದ ಒಂದು ಗ್ಲಾಸು ತೆಗೆದು ನೀರು ಹಾಕಿ ಮೂಸಿದೆ. ಮುಗ್ಗಲು. ಮೂರನೇ ಸಾಲಿನದೇ ವಾಸನೆ. ಫಿಲ್ಟರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಗ್ಲಾಸಿಗೆ ಬಾಟಲಿ ನೀರು ಹಾಕಿದೆ. ಅದೂ ಮುಗ್ಗಲು. ನೀರು ಚೆಲ್ಲಿದೆ. ಮೂರನೆಯ ಗ್ಲಾಸು ತೆಗೆದು, ಏನೂ ಹಾಕದೆ, ಖಾಲಿಯಾಗಿಯೇ ಮೂಗಿಗೆ ಹಿಡಿದೆ.

ಅದರಲ್ಲೂ ಅದೇ ಮುಗ್ಗಲು. ಅಕ್ಕ ಹೊರಗೆ ಬೀಕರು ತೊಳೆಯುತ್ತಿದ್ದಳು. ಅಂತರಘಟ್ಟೆಯ ಕಡೆಯವಳು, ಕೆಲಸದಲ್ಲಿ ಬಲು ಶುದ್ಧ. ಅವಳನ್ನು ಕರೆದು ಕೇಳಿದೆ. "ಅಕ್ಕ, ಈ ಗ್ಲಾಸು ಹೆಂಗೆ ಇಡ್ತೀಯಾ, ತೊಳೆದ ಮೇಲೆ?"

"ಹೆಂಗ್ ಇಡ್ತಾರೆ? ದಬ್ಬಾಕ್ತೀನಿ. ನೀವೇ ಹೇಳಿದ್ರಲ್ಲ, ಸೋಪು ಹಾಕ್ಬೇಡ, ಬಟ್ಟೇಲಿ ಒರೆಸ್ಬೇಡ, ಬಿಸಿನೀರಲ್ಲಿ ಮಾತ್ರ ತೊಳಿ ಅಂತ. ಒರೆಸಂಗಿಲ್ಲ ಅಂದ್ರೆ ನೀರು ಸೋರ್ಬೇಕಲ್ಲ. ಕಪಾಟ್ನಾಗೆ ಪಂಚೆ ಹಾಸಿ ಅದ್ರ ಮ್ಯಾಲೆ ದಬ್ಬಾಕಿ ಬಾಗ್ಲು ಹಾಕ್ತೀನಿ."

"ಬಾಗಿಲು ಯಾಕೆ ಹಾಕ್ತೀಯ?"

"ಧೂಳು ಬೀಳ್ಬಾರ್ದು ಅಂದಿದ್ರಿ ಕಣ್ರಮ್ಮ."

ಹೌದು, ಅಂದಿದ್ದೆ. ನಮ್ಮ ಕಡೆಯ ಯಾವ ಅಡುಗೆಮನೆಯಲ್ಲೂ ತೊಳೆದ ಪಾತ್ರೆಯನ್ನು ಬೋರಲು ಹಾಕಿಯೇ ಇಡುವುದು. ನಾನಾಗಿದ್ದರೂ ಹಾಗೇ ಇಡುತ್ತಿದ್ದೆ. ಬೇಸಿಗೆಯಲ್ಲಿ ಗಂಟೆಯೊಳಗೆ ಒಣಗುತ್ತಿದ್ದ ಪಂಚೆ, ಮಳೆಗಾಲದಲ್ಲಿ ಮುಚ್ಚಿದ ಕಪಾಟಿನೊಳಗೆ ವಾರವಾದರೂ ಒಣಗಿರಲಿಲ್ಲ. ಕೈಯಲ್ಲಿ ಮುಟ್ಟಿದೆ, ತಣ್ಣಗೆ ಅಂಟಿತು. ಅಗಲ ಬಾಯಿಯ ಗ್ಲಾಸಾಗಿದ್ದರೆ ಎತ್ತಿದ ಕೂಡಲೇ ಆ ವಾಸನೆ ಹೋಗಿಬಿಡುತ್ತಿತ್ತು. ನಾನು ಆರಿಸಿದ ಗ್ಲಾಸು ಘಮ ಹಿಡಿದಿಡುವುದರಲ್ಲಿ ಗಟ್ಟಿ. ಅದಕ್ಕೆ ಕೊಬ್ಬರಿಯ ಘಮವೂ ಒಂದೇ, ಒದ್ದೆ ಪಂಚೆಯ ವಾಸನೆಯೂ ಒಂದೇ. ಹೋಲಿಸಿ ನೋಡಲು ಬಳಸಿದ ನನ್ನ ಗ್ಲಾಸು ಮಾತ್ರ ಆ ಕಪಾಟನ್ನು ಕಂಡಿರಲೇ ಇಲ್ಲ.

ಇನ್ನು ಆ ಏಳು ಜನ. ಎತ್ತಿ ಸುರಿದುಕೊಂಡವರ ಮೂಗು ಗ್ಲಾಸಿಗೆ ತಾಗಲಿಲ್ಲ, ತುಟಿಯೂ ತಾಗಲಿಲ್ಲ. ಗ್ಲಾಸಿನ ವಾಸನೆ ಗ್ಲಾಸಿನಲ್ಲೇ ಉಳಿದು ಅವರ ಬಾಯಿಗೆ ಬರೀ ವಿಸ್ಕಿ ಬಿದ್ದಿತ್ತು. ಅವರು ಬರೆದದ್ದು ನಿಜ, ನಾನು ಬರೆದದ್ದು ಸುಳ್ಳು.

ಪಂಪು ಹಚ್ಚಬೇಡಿ ಎಂದು ಅಂಗಳಕ್ಕೆ ಕೂಗಿ ಹೇಳಿ, ಬಾಗಿಲು ಹಾಕಿಕೊಂಡೆ. ಉಳಿದ ಏಳು ಪೀಪಾಯಿಗಳ ಮಾದರಿಯನ್ನು ನನ್ನ ಗ್ಲಾಸಿನಲ್ಲಿ, ಪ್ರತಿ ಸಲ ತೊಳೆದು, ಖಾಲಿ ಗ್ಲಾಸನ್ನು ಮೂಸಿ, ಆಮೇಲೆ ವಿಸ್ಕಿ ಹಾಕಿ ನೋಡಿದೆ. ಏಳೂ ಸ್ವಚ್ಛ. ಹೋದ ನಾಲ್ಕರ ಮಾದರಿ ಬಾಟಲಿಗಳು ಕಪಾಟಿನ ಮೇಲೆ ಇನ್ನೂ ಇದ್ದವು. ಅವನ್ನು ನೋಡಲು ಮನಸ್ಸಾಗಲಿಲ್ಲ, ಆದರೂ ನೋಡಿದೆ. ಸ್ವಚ್ಛ. ಅದರಲ್ಲೂ ಇಪ್ಪತ್ತೇಳನೇ ನಂಬರಿನದು ನಾನು ಆ ವರ್ಷ ಮೂಸಿದ್ದರಲ್ಲೆಲ್ಲ ಚೆಂದದ್ದು. ಹುರಿದ ಬಾರ್ಲಿ, ಕೊಬ್ಬರಿ, ಕೊನೆಯಲ್ಲಿ ಹಳೆಯ ಮರದ ಪೆಟ್ಟಿಗೆ ತೆರೆದಂಥ ತಣ್ಣನೆಯ ಘಮ. ಅದು ಆಗಲೇ ಭಟ್ಟಿಗೆ ಹೋಗಿಬಿಟ್ಟಿತ್ತು. ನನಗೆ ಅಳು ಬಂತು. ಮೂಗು ಕಟ್ಟಿದರೆ ಮುಂದೆ ಕೆಲಸ ಮಾಡಲಾಗದೆಂದು ಅಳುವನ್ನೂ ತಡೆದುಕೊಂಡೆ.

ಇದು ಯಾರಿಗೂ ಗೊತ್ತಾಗುವ ಸಂಗತಿಯಾಗಿರಲಿಲ್ಲ. ಉಳಿದ ಏಳನ್ನು ಇನ್ನಷ್ಟು ದಿನ ಇಟ್ಟು ನೋಡೋಣ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಎರಡು ತಿಂಗಳು ಬಿಟ್ಟು, ವಾಸನೆ ತಾನಾಗಿಯೇ ಹೋಗಿದೆ ಎಂದು ಇನ್ನೊಂದು ಸಾಲು. ಏಳು ಪೀಪಾಯಿ ಉಳಿಯುತ್ತಿದ್ದವು, ನನ್ನ ಹೆಸರೂ ಉಳಿಯುತ್ತಿತ್ತು. ಚಾಚಾ ಮಾತ್ರ ಜೊಂಡಿನಿಂದ ಮಾಲು ಕೆಡಿಸಿದವರಾಗಿಯೇ ಉಳಿಯುತ್ತಿದ್ದರು. ಆ ಸಾಲನ್ನು ಪೆನ್ಸಿಲಿನಲ್ಲಿ ಬರೆದೂ ಬರೆದೆ. ಇದನ್ನು ಮುಚ್ಚಿಡುವುದಿಲ್ಲ, ಬರೆದೆ. ಏನು ಮಾಡಲಿ ಎಂದು ಕೇಳಲು ಪಕ್ಕದಲ್ಲಿ ಒಬ್ಬರಾದರೂ ಇದ್ದಿದ್ದರೆ ಅನ್ನಿಸಿತು. ಮಧ್ಯಾಹ್ನದ ಸೈರನ್ ಆಗಿ ಎಲ್ಲರೂ ಊಟಕ್ಕೆ ಹೋದರು. ಹೊರಗೆ ಅಕ್ಕ ಬುತ್ತಿ ಬಿಚ್ಚುವ ಸದ್ದು ಕೇಳಿಸಿತು. ನಾನು ಪೆನ್ಸಿಲ್ ಗೆರೆಯನ್ನು ಉಜ್ಜಿ ಅಳಿಸಿ, ಪೆನ್ನಿನಲ್ಲಿ ಬೇರೆಯದನ್ನು ಬರೆದೆ. ತಪ್ಪು ಪೀಪಾಯಿಯದಲ್ಲ, ಗ್ಲಾಸಿನದು, ಗ್ಲಾಸು ಇಡುವ ಕ್ರಮ ಹೇಳಿಕೊಟ್ಟವಳು ನಾನು, ಖಾಲಿ ಗ್ಲಾಸನ್ನು ಮೂಸಿ ನೋಡದೆ ವರದಿ ಕೊಟ್ಟವಳೂ ನಾನು.

ಮಾಲೀಕರು ಕಾಗದವನ್ನು ಎರಡು ಸಲ ಓದಿದರು.

"ನಾಲ್ಕು ಪೀಪಾಯಿ ಹೋಯ್ತಲ್ರೀ ಮೇಡಂ."

"ಹೌದು ಸರ್."

"ಸುಮ್ನಿದ್ದಿದ್ರೆ ನನಗೆ ಗೊತ್ತೂ ಆಗ್ತಿರ್ಲಿಲ್ಲ."

"ಹೌದು ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ, ಅವರು ಬೈಯಲಿಲ್ಲ. "ನಿಮ್ಮನ್ನ ಕಳಿಸಿದ್ರೆ ಮೂಸೋರು ಯಾರೂ ಇಲ್ಲ, ಹಂಗಾಗಿ ಬಚಾವಾದ್ರಿ. ಉಳಿದಿದ್ದು ಮುಟ್ಬೇಡಿ. ಆ ಚಾಚಾನ್ನ ನೀವೇ ಹೋಗಿ ಕರ್ಕೊಂಬನ್ನಿ. ಕಳಿಸಿದ್ದು ನೀವು" ಅಂದರು. ಕಳಿಸಿದ್ದು ಅವರೇ, ಆದರೆ ಆ ಮಾತಿಗೆ ನಾನು ಎದುರಾಡಲಿಲ್ಲ.

ತರೀಕೆರೆಗೆ ಹೋಗುವ ಮೊದಲು ಗ್ಲಾಸಿನ ಕೆಲಸವನ್ನು ಹಸನು ಮಾಡಿದೆ. ಕಪಾಟಿನ ಬಾಗಿಲು ಕಳಚಿಸಿದೆ. ಗ್ಲಾಸುಗಳನ್ನು ಬಾಯಿ ಕೆಳಗೆ ಮಾಡಿ ತೂಗುಹಾಕಲು ತಂತಿಯ ಚೌಕಟ್ಟು ಮಾಡಿಸಿದೆ, ಕೆಳಗೆ ಬಟ್ಟೆಯಿಲ್ಲ, ಸುತ್ತ ಗಾಳಿ. ಪ್ರತಿ ಪರೀಕ್ಷೆಗೆ ಮೊದಲು ಖಾಲಿ ಗ್ಲಾಸು ಮೂಸಿ ಸಹಿ ಹಾಕಬೇಕೆಂದು ರಿಜಿಸ್ಟರಿನಲ್ಲಿ ಹೊಸ ಕಾಲಂ ಸೇರಿಸಿದೆ. ತಂಡದವರಿಗೆ ಇನ್ನು ಮೇಲೆ ಎರಡೆರಡು ಗ್ಲಾಸು. ಬಾಯಿ ಕಿರಿದಾದದ್ದು ಮೂಸಲು ಮಾತ್ರ, ಅದಕ್ಕೆ ಯಾರೂ ಬಾಯಿ ಹಚ್ಚುವಂತಿಲ್ಲ. ನೆಟ್ಟಗಿನ ಅಗಲ ಬಾಯಿಯದು ಎತ್ತಿ ಕುಡಿಯಲು. "ಹಿಂಗೆ ಮೊದ್ಲೇ ಮಾಡಿದ್ರೆ ನನ್ ಎರಡು ಅಂಗಿ ಉಳೀತಿದ್ವು" ಅಂದರು ಡ್ರೈವರು. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ.

ಭಾನುವಾರ ತರೀಕೆರೆಗೆ ಹೋದೆ. ಬಸ್ ಸ್ಟ್ಯಾಂಡಿನಿಂದ ನಡೆದು ಹತ್ತು ನಿಮಿಷ, ಒಂದು ಸಾಮಿಲ್ಲಿನ ಪಕ್ಕದ ಓಣಿ. ಚಾಚಾ ಮನೆಯ ಮುಂದಿನ ತಗಡಿನ ಚಪ್ಪರದಡಿ ಒಂದು ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು, ಹೆಗಲ ಟವೆಲಿನಿಂದ ಬೆಂಚು ಒರೆಸಿದರು.

"ಬನ್ನಿ ಮೇಡಂ, ಕೂತ್ಕಳಿ. ಒಬ್ರೇ ಬಂದ್ರಾ?"

ಒಳಗಿನಿಂದ ಚಹಾ ಬಂತು. ನಾನು ಚಹಾ ಮುಟ್ಟುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ, ಮಳೆಯಿಂದ ಹಿಡಿದು ಪಂಚೆಯವರೆಗೆ. ತಪ್ಪು ನನ್ನದು ಚಾಚಾ, ಅಂದೆ. ಅವರು ಕೈಯಲ್ಲಿದ್ದ ಮರದ ಸಿಪ್ಪೆಯನ್ನು ಸುತ್ತುತ್ತಾ ಬಿಚ್ಚುತ್ತಾ ಕೇಳಿದರು.

"ಎಷ್ಟು ಒಡೆದ್ರು?"

"ನಾಲ್ಕು."

"ಯಾವ್ಯಾವ ನಂಬರು?"

ಹೇಳಿದೆ. ಇಪ್ಪತ್ತೇಳು ಎಂದಾಗ ಅವರು ತಲೆಯೆತ್ತಿದರು. "ಅದ್ರ ತಳ ಎರಡ್ ಸಲ ಬಿಚ್ಚಿ ಹಾಕಿದ್ದೆ. ತೊಟ್ಟು ತೊಟ್ಟು ಸೋರ್ತಿತ್ತು. ಆಮೇಲೆ ನಿಂತೋಯ್ತು. ಹಲಗೆನಾದ್ರೂ ಇಟ್ಟಿದಾರಾ?"

"ಬಾಯ್ಲರಿಗೆ ಹಾಕಿದ್ರು ಚಾಚಾ."

ಅವರು ಮರದ ಸಿಪ್ಪೆಯನ್ನು ಮತ್ತೆ ಬಿಗಿಯಾಗಿ ಸುತ್ತಿದರು. ಸಾಮಿಲ್ಲಿನ ಗರಗಸ ಭಾನುವಾರವಾದ್ದರಿಂದ ನಿಂತಿತ್ತು. ನಾನು ಚಹಾ ಕುಡಿದೆ, ಏಲಕ್ಕಿ ಧಾರಾಳವಾಗಿ ಹಾಕಿದ್ದರು. ಮಾಲೀಕರು ಕರೆದಿದ್ದಾರೆ, ಸಂಬಳ ಮೊದಲಿನದೇ, ನಾಳೆಯೇ ಬನ್ನಿ ಅಂದೆ.

"ಬರಲ್ಲ ಮೇಡಂ. ಸಿಟ್ಟಿಂದ ಹೇಳ್ತಿಲ್ಲ. ಇಲ್ಲಿ ಬಾಗ್ಲು ಮಾಡ್ತೀನಿ. ಬಾಗ್ಲು ಸರಿಯಾಗಿ ಕೂತ್ಕೊಂಡ್ರೆ ಎಲ್ರಿಗೂ ಕಾಣುತ್ತೆ, ಕೂರಲಿಲ್ಲ ಅಂದ್ರೂ ಎಲ್ರಿಗೂ ಕಾಣುತ್ತೆ. ಅಲ್ಲಿ ಒಬ್ರ ಮೂಗಿಗೆ ಏನನ್ಸುತ್ತೋ ಅದೇ ಆಯ್ತು. ಈ ವಯಸ್ಸಲ್ಲಿ ನನ್ಗೆ ಅದು ಬ್ಯಾಡ."

ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟೆ. ಎದ್ದೆ. ಬೇಡವೆಂದರೂ ಕೇಳದೆ ಅವರು ಚಪ್ಪಲಿ ಮೆಟ್ಟಿಕೊಂಡು ಬಸ್ಸು ನಿಲ್ಲುವ ಕಡೆಯವರೆಗೂ ಜೊತೆಗೆ ಬಂದರು. ದಾರಿಯಲ್ಲಿ ಯಾರೋ ಸಲಾಂ ಹೇಳಿದರು, ಇವರೂ ಹೇಳಿದರು. ರಸ್ತೆಯ ಅಂಚಿನಲ್ಲಿ ನಿಂತಾಗ ಮೆಲ್ಲನೆ ಅಂದರು.

"ನಿಮ್ ಮೂಗು ಸುಳ್ಳು ಹೇಳಿಲ್ಲ ಮೇಡಂ. ವಾಸನೆ ಇತ್ತು. ಆದ್ರೆ ಅದು ಎಲ್ಲಿಂದ ಬಂತು ಅಂತ ನನ್ನನ್ನೂ ಒಂದ್ ಮಾತು ಕೇಳ್ಬೋದಿತ್ತು."

"ಈಗ ಕೇಳ್ತಿದೀನಿ ಚಾಚಾ."

"ಈಗ ಏನ್ ಕೇಳ್ತೀರಿ ಮೇಡಂ?"

ಅವರು ವ್ಯಂಗ್ಯವಾಗಿ ಕೇಳಿದ್ದಲ್ಲ. ನಿಜವಾಗಿಯೂ ಏನೋ ಕೇಳುತ್ತೇನೆಂದು ನನ್ನ ಮುಖ ನೋಡುತ್ತಾ ಕಾದರು. ಕೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಬೀರೂರಿನ ಬಸ್ಸು ಬಂತು. ಅವರೇ ಕೈ ಅಡ್ಡ ಹಿಡಿದು ನಿಲ್ಲಿಸಿದರು, ನಾನು ಹತ್ತಿದೆ.